ಕೆ-ಜೆಟ್ರಾನಿಕ್ ಕಿತ್ತುಹಾಕುವ ಮೊದಲು ಗೇಜ್ ಹಾಕಿ ನೋಡಿ

ಮಾನ್ಯ ಸಂಪಾದಕರಿಗೆ,

ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಬಂದ ಮೇಲೆ ಹಳೆಯ ವಾಹನಗಳ ಗತಿಯೇನು ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆದೇ ಇದೆ. ಆದರೆ ಅದು ಮೈಲೇಜಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. 1970–80ರ ದಶಕದ ಸ್ಪೋರ್ಟ್ಸ್ ಕಾರುಗಳಲ್ಲಿದ್ದ ಪೆಟ್ರೋಲ್ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ), ಅದರಲ್ಲೂ ಕೆ-ಜೆಟ್ರಾನಿಕ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಂಥ ಕಾರುಗಳು ನಮ್ಮ ರಾಜ್ಯದಲ್ಲಿ ಕಡಿಮೆ, ನಿಜ. ಹೊರದೇಶದಲ್ಲಿ ನೆಲೆಸಿ ಇವನ್ನು ಇಟ್ಟುಕೊಂಡಿರುವ ಕನ್ನಡಿಗರೂ ನಿಮ್ಮ ಓದುಗರೇ. ಎಲ್ಲ ಕಡೆಯೂ ಕೇಳುವ ಮಾತು ಒಂದೇ: 'ಇದಕ್ಕೆ ಸ್ಪೇರ್ ಸಿಗಲ್ಲ ಸಾರ್, ಕಿತ್ತು ಕಾರ್ಬ್ಯುರೇಟರ್ ಹಾಕಿಬಿಡೋಣ.' ಹೀಗೆ ಕಿತ್ತು ಗುಜರಿಗೆ ಹಾಕಿದ ಭಾಗಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ. ಈ ಕಾರಣಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. 1973ರಲ್ಲಿ ಅಮೆರಿಕಕ್ಕೆ ಹೋದ ಪೋರ್ಷೆ 911 ಟಿಯಲ್ಲಿ ಇದು ಮೊದಲು ಬಂತು. 1983ರವರೆಗಿನ 911 ಎಸ್‌ಸಿಯಲ್ಲಿ ಇದೇ ಇತ್ತು. 1984ರ ಕರೇರಾ 3.2ರಲ್ಲಿ ಇದರ ಜಾಗಕ್ಕೆ ಕಂಪ್ಯೂಟರ್ ನಡೆಸುವ ಮೊಟ್ರಾನಿಕ್ ಬಂತು. ನಂತರದ ವರ್ಷಗಳ ಮರ್ಸಿಡಿಸ್ 450 ಎಸ್‌ಎಲ್, ಫೆರಾರಿ 308 ಜಿಟಿಬಿಐ, ಡಿಲೋರಿಯನ್, ಮೊದಲ ಗಾಲ್ಫ್ ಜಿಟಿಐ, ಬಹಳಷ್ಟು ವೋಲ್ವೊ 240, ಇವೆಲ್ಲದರಲ್ಲೂ ಇದೇ ಕುಟುಂಬದ ಸಾಮಾನು. ಒಂದೇ ಕಾರಿಗೆಂದು ಮಾಡಿದ್ದಲ್ಲ ಎಂಬುದೇ ಭಾಗ ಹುಡುಕುವವರಿಗೆ ದೊಡ್ಡ ಅನುಕೂಲ.

ಇದರಲ್ಲಿ ಪೆಟ್ರೋಲ್ ಅಳೆದು ಕೊಡುವ ಕೆಲಸಕ್ಕೆ ಕಂಪ್ಯೂಟರ್ ಇಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಇಂಜೆಕ್ಟರ್‌ಗಳು ಬಿಡದೆ ಸಿಂಪಡಿಸುತ್ತಲೇ ಇರುತ್ತವೆ. ಒಳಗೆ ಹೋಗುವ ಗಾಳಿ ಸೆನ್ಸರ್ ಪ್ಲೇಟನ್ನು ಎತ್ತುತ್ತದೆ, ಅದರ ಸನ್ನೆ (ಲಿವರ್) ಸಿಲಿಂಡರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲಂಜರನ್ನು (ಸಣ್ಣ ಕೊಂತವನ್ನು) ಎತ್ತುತ್ತದೆ, ಪ್ಲಂಜರ್ ಮೇಲೇರಿದಷ್ಟೂ ಅದು ಓಡಾಡುವ ಕೊಳವೆಯಾದ ಬ್ಯಾರೆಲ್‌ನ ಸೀಳುಗಳು ತೆರೆದುಕೊಳ್ಳುತ್ತವೆ. ಸಿಲಿಂಡರಿಗೊಂದು ಸೀಳು, ಅಗಲ 0.2 ಮಿ.ಮೀ. ಪ್ಲಂಜರ್ ಅಡ್ಡಾದಿಡ್ಡಿ ಏರದಂತೆ ಮೇಲಿನಿಂದ ಒತ್ತಿ ಹಿಡಿಯುವುದು ಕಂಟ್ರೋಲ್ ಪ್ರೆಷರ್. ಅದನ್ನು ನಿರ್ಧರಿಸುವುದು ವಾರ್ಮ್-ಅಪ್ ರೆಗ್ಯುಲೇಟರ್. ಆ ಒತ್ತಡ ಕಡಿಮೆಯಾದರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು), ಹೆಚ್ಚಾದರೆ ಲೀನ್ (ಪೆಟ್ರೋಲ್ ಕಡಿಮೆ). ಇಷ್ಟು ತಿಳಿದರೆ ಸಾಕು, ಅರ್ಧ ರೋಗ ಗೇಜ್ ಮುಳ್ಳಿನಲ್ಲೇ ಕಾಣಿಸುತ್ತದೆ.

ಆದ್ದರಿಂದ ಯಾವ ಭಾಗಕ್ಕೂ ಆರ್ಡರ್ ಕೊಡುವ ಮೊದಲು ಒಂದು ಪ್ರೆಷರ್ ಗೇಜ್ ಸೆಟ್ ಕೊಳ್ಳಿ. 0–7 ಅಥವಾ 0–10 ಬಾರ್ ಗೇಜ್, ಟಿ ಆಕಾರದ ಒಂದು ಜೋಡಣೆ, ಒಂದು ವಾಲ್ವ್, ಸರಿಯಾದ ಬ್ಯಾಂಜೊ ಜೋಡಣೆಗಳು (ಟೊಳ್ಳು ಬೋಲ್ಟಿನಿಂದ ಪೈಪ್ ಸೇರಿಸುವಂಥವು), ಅಷ್ಟೆ. ಡಿಸ್ಟ್ರಿಬ್ಯೂಟರ್‌ನಿಂದ ರೆಗ್ಯುಲೇಟರಿಗೆ ಹೋಗುವ ಪೈಪಿನ ನಡುವೆ ಇದು ಕೂರಬೇಕು, ವಾಲ್ವ್ ರೆಗ್ಯುಲೇಟರ್ ಕಡೆಗಿರಬೇಕು. ವಾಲ್ವ್ ಮುಚ್ಚಿದರೆ ಕಾಣುವುದು ಸಿಸ್ಟಮ್ ಪ್ರೆಷರ್ (ಇಡೀ ವ್ಯವಸ್ಥೆಯ ಮೂಲ ಒತ್ತಡ): 911 ಎಸ್‌ಸಿಯಲ್ಲಿ ಅದು 4.5ರಿಂದ 5.2 ಬಾರ್ ಒಳಗಿರಬೇಕು. ವಾಲ್ವ್ ತೆರೆದರೆ ಕಂಟ್ರೋಲ್ ಪ್ರೆಷರ್: ಎಂಜಿನ್ ಬಿಸಿಯಾದಾಗ ಸುಮಾರು 3.4ರಿಂದ 3.8. ತಣ್ಣಗಿನ ಒತ್ತಡ ನೋಡಬೇಕಾದರೆ ಕಾರು ರಾತ್ರಿಯಿಡೀ ನಿಂತಿರಬೇಕು, ರೆಗ್ಯುಲೇಟರಿನ ವೈರ್ ಪ್ಲಗ್ ತೆಗೆದಿರಬೇಕು. ಆಗ ಬರುವ ಅಂಕಿಯನ್ನು ಅವತ್ತಿನ ಉಷ್ಣಾಂಶಕ್ಕೆ ಮ್ಯಾನುಯಲ್‌ನ ಗ್ರಾಫ್ ಏನು ಹೇಳುತ್ತದೆಂದು ಹೋಲಿಸಬೇಕು. ಒಂದೊಂದು ರೆಗ್ಯುಲೇಟರ್ ನಂಬರಿಗೂ ಗ್ರಾಫ್ ಬೇರೆ.

ಈ ಬೇರೆತನ ಗೊತ್ತಿಲ್ಲದೆ ಹಣ ಹಾಳಾಗುವುದೇ ಹೆಚ್ಚು. ರೆಗ್ಯುಲೇಟರ್‌ಗಳೆಲ್ಲ ನೋಡಲು ಒಂದೇ ಥರ, ಬೋಲ್ಟ್ ತೂತುಗಳೂ ಹೊಂದುತ್ತವೆ. ನಂಬರ್ ಎಲ್ಲದಕ್ಕೂ 0 438 140 ಎಂದೇ ಶುರುವಾಗುತ್ತದೆ. ಕೊನೆಯ ಮೂರು ಅಂಕಿಯಲ್ಲಿ ಎಲ್ಲ ಗುಟ್ಟು ಇದೆ. ವೋಲ್ವೊದ್ದನ್ನು ತಂದು ಪೋರ್ಷೆಗೆ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾಗುವವರೆಗೆ ಕೆಮ್ಮುತ್ತದೆ, ಇಲ್ಲವೇ ಕಪ್ಪು ಹೊಗೆ ಬಿಡುತ್ತದೆ. ಆಮೇಲೆ 'ಇಂಜೆಕ್ಟರ್ ಹೋಗಿದೆ' ಎಂದು ಅವನ್ನೂ ಬದಲಾಯಿಸುತ್ತಾರೆ.

ರೆಗ್ಯುಲೇಟರ್ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನೇ ಅತಿ ಹೆಚ್ಚು ಜನ ಹುಡುಕುತ್ತಾರೆ. ಒಳಗೊಂದು ಬೈಮೆಟಲ್ ಪಟ್ಟಿ (ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿ), ಅದಕ್ಕೆ ಸುತ್ತಿದ ಹೀಟರ್ ತಂತಿ, ಕೆಳಗೊಂದು ಸ್ಪ್ರಿಂಗ್, ತುದಿಯಲ್ಲಿ ತೆಳು ಉಕ್ಕಿನ ಡಯಾಫ್ರಾಮ್ (ಪೊರೆ). ತಣ್ಣಗಿದ್ದಾಗ ಪಟ್ಟಿ ಸ್ಪ್ರಿಂಗನ್ನು ಅದುಮಿ ಹಿಡಿಯುತ್ತದೆ, ಒತ್ತಡ ಇಳಿಯುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಹೀಟರ್ ಕಾದಂತೆ ಪಟ್ಟಿ ಬಾಗಿ ಸ್ಪ್ರಿಂಗನ್ನು ಬಿಡುತ್ತದೆ, ಒತ್ತಡ ಏರುತ್ತದೆ. ಎಂಜಿನ್ ಬಿಸಿಯಾದರೂ ಒತ್ತಡ ಏರದಿದ್ದರೆ ಮೊದಲು ರೆಗ್ಯುಲೇಟರಿನ ವೈರ್ ಪ್ಲಗ್ಗಿನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ, ಆಮೇಲೆ ಹೀಟರಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಕೆಲವು ಹತ್ತು ಓಮ್ ಬಂದರೆ ಹೀಟರ್ ಜೀವಂತ. ಏನೂ ತೋರದಿದ್ದರೆ ತಂತಿ ತುಂಡಾಗಿದೆ. ಪ್ಲಗ್ಗಿಗೆ ಕರೆಂಟೇ ಬರದಿದ್ದರೆ ತಪ್ಪು ರಿಲೇ ಅಥವಾ ವೈರಿಂಗ್‌ನದು, ರೆಗ್ಯುಲೇಟರಿನದಲ್ಲ. ಪೆಟ್ರೋಲ್ ಒಳಬರುವ ಕಡೆ ನಾಣ್ಯಕ್ಕಿಂತ ಚಿಕ್ಕದೊಂದು ಜರಡಿ ಇದೆ. ಅದು ಟ್ಯಾಂಕಿನ ತುಕ್ಕಿನ ಪುಡಿಯಿಂದ ಕಟ್ಟಿಕೊಂಡಿದ್ದರೂ ಅಂಕಿಗಳು ಕೆಡುತ್ತವೆ. ಜರಡಿ ತೊಳೆಯಲು ಏನೂ ಖರ್ಚಿಲ್ಲ.

ಇನ್ನೊಂದು ಮಾಮೂಲು ದೂರು: ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುವ ಕಾರು, ಬಂಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏಳುವುದಿಲ್ಲ. ಎಂಜಿನ್ ಆರಿಸಿದ ಮೇಲೂ ಪೈಪುಗಳಲ್ಲಿ ಒತ್ತಡ ಉಳಿದಿರಬೇಕು, ಇಲ್ಲದಿದ್ದರೆ ಕಾದ ಪೆಟ್ರೋಲ್ ಆವಿಯಾಗುತ್ತದೆ. ಗೇಜ್ ಮುಳ್ಳು ಕೆಲವೇ ನಿಮಿಷದಲ್ಲಿ ಸೊನ್ನೆಗೆ ಬಿದ್ದರೆ ಸೋರಿಕೆ ಎಲ್ಲೋ ಇದೆ. ಗ್ಯಾರೇಜಿನವರು ಹೊಸ ಪಂಪ್ ಬರೆದುಕೊಡುತ್ತಾರೆ. ಆದರೆ ಸೋರುತ್ತಿರುವುದು ಹೆಚ್ಚಾಗಿ ಪಂಪಿನ ಬಾಯಲ್ಲಿರುವ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್. ಅದು ಹಲವು ಬಾಷ್ ಪಂಪ್‌ಗಳಲ್ಲಿ ಬಿಚ್ಚಿ ಬರುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ಅದು ಸರಿಯಿದ್ದರೆ ಅಕ್ಯುಮುಲೇಟರ್ (ಎಂಜಿನ್ ಆರಿದ ಮೇಲೂ ಒತ್ತಡ ಹಿಡಿದಿಡುವ ಡಬ್ಬಿ) ನೋಡಿ. ಅದರ ಹಿಂಬದಿಯ ಸಣ್ಣ ಹೋಸನ್ನು ಬಿಚ್ಚಿ, ಪಂಪ್ ಓಡಿಸಿ. ಅಲ್ಲಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ, ರಿಪೇರಿ ಇಲ್ಲ, ಹೊಸದೇ ಹಾಕಬೇಕು. ಒಣಗಿದ್ದರೆ ಅದನ್ನು ಮುಟ್ಟಬೇಡಿ. ಮೂರನೆಯ ಜಾಗ ಡಿಸ್ಟ್ರಿಬ್ಯೂಟರ್ ಬದಿಯಲ್ಲಿರುವ ಸಿಸ್ಟಮ್ ಪ್ರೆಷರ್ ರೆಗ್ಯುಲೇಟರ್ (ಇದು ವಾರ್ಮ್-ಅಪ್ ರೆಗ್ಯುಲೇಟರ್ ಅಲ್ಲ) ಪಿಸ್ಟನ್‌ನ ಓ-ರಿಂಗ್. ಕೆಲವೇ ರೂಪಾಯಿಯ ಆ ಉಂಗುರ ಕಲ್ಲಾಗಿದ್ದಕ್ಕೆ ದುಬಾರಿ ಡಿಸ್ಟ್ರಿಬ್ಯೂಟರನ್ನು ಬದಲಾಯಿಸಿದ್ದೂ ಉಂಟು.

ಪಂಪಿನ ಯೋಗ್ಯತೆ ನೋಡುವುದಾದರೆ ರಿಟರ್ನ್ ಪೈಪನ್ನು ಅಳತೆ ಜಾರಿಗೆ ಬಿಟ್ಟು 30 ಸೆಕೆಂಡ್ ಓಡಿಸಿ. ಮುಕ್ಕಾಲು ಲೀಟರಿಗಿಂತ ಕಡಿಮೆ ಬಂದರೆ ಅನುಮಾನ ಪಡಬೇಕು. ಆಗಲೂ ಮೊದಲು ಪಂಪ್ ಟರ್ಮಿನಲ್ಲಿನಲ್ಲಿ ಓಡುವಾಗ 11.5 ವೋಲ್ಟ್ ಇದೆಯೇ ನೋಡಿ, ಫಿಲ್ಟರ್ ಬದಲಾಯಿಸಿ, ಟ್ಯಾಂಕಿನ ಜರಡಿ ತೆಗೆದು ನೋಡಿ. ಈ ಪರೀಕ್ಷೆಗಳನ್ನೆಲ್ಲ ಬಯಲಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಮಾಡಬೇಕು.

ಇಂಜೆಕ್ಟರ್ ಬಗ್ಗೆ ಇಷ್ಟು. 911ರ ಆರನ್ನೂ ಹೊರತೆಗೆದು ಆರು ಅಳತೆ ಜಾರುಗಳಲ್ಲಿ ಇಳಿಬಿಡಿ, ಇಗ್ನಿಷನ್ ಕಾಯಿಲ್ ವೈರ್ ತೆಗೆದು ಪಂಪನ್ನು ಮಾತ್ರ ಓಡಿಸಿ, ಸೆನ್ಸರ್ ಪ್ಲೇಟನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಸಿಂಪಡಿಕೆ ನುಣುಪಾದ ಶಂಕುವಿನಂತಿರಬೇಕು. ಗೆರೆಯಾಗಿ ಚಿಮ್ಮಿದರೆ ಅಥವಾ ಪ್ಲೇಟ್ ಇಳಿಸಿದ ಮೇಲೂ ತುದಿಯಲ್ಲಿ ಹನಿ ನಿಂತರೆ ಆ ಇಂಜೆಕ್ಟರ್ ಕೆಲಸಕ್ಕೆ ಬಾರದು. ಒಂದು ಜಾರಿನಲ್ಲಿ ಕಡಿಮೆ ಬಂದರೆ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಆ ಇಂಜೆಕ್ಟರನ್ನು ಚೆನ್ನಾಗಿರುವ ಇನ್ನೊಂದರ ಪೈಪಿಗೆ ಅದಲುಬದಲು ಮಾಡಿ ಮತ್ತೆ ಓಡಿಸಿ. ಕೊರತೆ ಇಂಜೆಕ್ಟರ್ ಜೊತೆ ಹೋದರೆ ದೋಷ ಅದರದ್ದು. ಕೊರತೆ ಹಳೆಯ ಪೈಪಿನಲ್ಲೇ ಉಳಿದರೆ ಡಿಸ್ಟ್ರಿಬ್ಯೂಟರಿನದ್ದು. ಈ ಇಂಜೆಕ್ಟರ್‌ಗಳ ನಂಬರ್ 0 437 502ರಿಂದ ಶುರುವಾಗುತ್ತದೆ, ಪೈಪ್ ಕೂರುವ ಮರೆ (ಥ್ರೆಡ್) ಎಂ12×1.5. ಮರೆ ಹೊಂದಿದ ಮಾತ್ರಕ್ಕೆ ಕೊಳ್ಳಬೇಡಿ; ತೆರೆಯುವ ಒತ್ತಡ ಒಂದೊಂದು ನಂಬರಿಗೆ ಬೇರೆ, ಎಲ್ಲವನ್ನೂ ಒಂದೇ ನಂಬರಿನವನ್ನಾಗಿ ಹಾಕಬೇಕು.

ಇಲ್ಲಿ ಬೆಂಗಳೂರಿನ ಮಾತು ಬರುತ್ತದೆ. ಆಡುಗೋಡಿಯ ಮೈಕೊ (ಬಾಷ್‌ನ ಭಾರತೀಯ ಕಂಪನಿಯ ಹಳೆಯ ಹೆಸರು) ಕಾಲದಿಂದಲೂ ಈ ಊರಿನಲ್ಲಿ ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಬಲ್ಲ ಕೈಗಳಿಗೆ ಬರವಿಲ್ಲ. ಜೋಡಿಯಾಗಿ ಉಜ್ಜಿ ಕೂರಿಸಿದ ಪ್ಲಂಜರ್–ಬ್ಯಾರೆಲ್ಲನ್ನು ಬೇರೆ ಬೇರೆ ಮಾಡಬಾರದು, ಬಟ್ಟೆಯಿಂದ ಒರೆಸಬಾರದು ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಡೀಸೆಲ್ ನಾಝಲ್ ತೆರೆಯುವುದು ನೂರಾರು ಬಾರ್ ಒತ್ತಡಕ್ಕೆ. ಇದು 3 ಬಾರ್ ಆಸುಪಾಸಿನಲ್ಲಿ ತೆರೆಯುತ್ತದೆ. ಡೀಸೆಲ್ ಹ್ಯಾಂಡ್ ಟೆಸ್ಟರಿಗೆ ಕೆ-ಜೆಟ್ರಾನಿಕ್ ಇಂಜೆಕ್ಟರ್ ಸಿಕ್ಕಿಸಿ ಒಮ್ಮೆ ಒತ್ತಿದರೆ ಅದರ ಕಥೆ ಮುಗಿಯಿತು. ಸಣ್ಣ ಗೇಜ್ ಹಾಕಿದ ಬೇರೆ ಟೆಸ್ಟರ್ ಮಾಡಿಕೊಡಿ ಎಂದು ಕೇಳಿ. ಆ ಕೈಗಳು ಕಲಿತರೆ ಈ ಕಾರುಗಳಿಗೆ ಇಲ್ಲಿಯೇ ಆಸರೆ ಸಿಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಡಿಸ್ಟ್ರಿಬ್ಯೂಟರ್ ಹೆಚ್ಚಾಗಿ ಕೆಡುವುದು ಓಡಿ ಅಲ್ಲ, ನಿಂತು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಅಂಟಾಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಪಂಪನ್ನು ಕೆಲವು ಸೆಕೆಂಡ್ ಓಡಿಸಿ ನಿಲ್ಲಿಸಿ, ಅಯಸ್ಕಾಂತದಿಂದ ಪ್ಲೇಟನ್ನು ಮೆಲ್ಲಗೆ ಎತ್ತಿ: ತಳದಿಂದ ತುದಿಯವರೆಗೆ ಒಂದೇ ಸಮ ಬಿಗಿ ಇರಬೇಕು. ತಟ್ಟನೆ ಕೆಳಗೆ ಒತ್ತಿದರೆ ಏನೂ ತಡೆ ಇರಬಾರದು. ನಡುವೆ ಎಲ್ಲಾದರೂ ತಡೆದರೆ ಪ್ಲೇಟ್ ಅಂಚು ತಗುಲುತ್ತಿದೆಯೇ ನೋಡಿ, ಸುತ್ತಲೂ 0.1 ಮಿ.ಮೀ. ಸಂದು ಇರಬೇಕು. ತಗುಲುತ್ತಿಲ್ಲವಾದರೆ ಹಿಡಿದಿರುವುದು ಪ್ಲಂಜರ್. ಇಕ್ಕಳ ಹಾಕಿ ಎಳೆಯಬೇಡಿ, ಒಂದು ಗೀರು ಬಿದ್ದರೂ ಐಡ್ಲಿಂಗ್ ಎಂದೂ ಸರಿಹೋಗುವುದಿಲ್ಲ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ಒಂದೆರಡು ದಿನ ನೆನೆಸಿ ತಾನಾಗಿ ಜಾರಿ ಬರುವವರೆಗೆ ಕಾಯಿರಿ. ಮೇಲಿನ–ಕೆಳಗಿನ ಭಾಗಗಳನ್ನು ಬಿಚ್ಚಿ ಇಂಟರ್ನೆಟ್ಟಿನ ಕಿಟ್ ಹಾಕುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬಾರದು. ನಡುವಿನ ಉಕ್ಕಿನ ತೆಳು ಹಾಳೆ ಪ್ರತಿ ಸಿಲಿಂಡರಿಗೂ 0.1 ಬಾರ್ ವ್ಯತ್ಯಾಸವನ್ನು ಕಾಯುತ್ತದೆ. ಬಿಚ್ಚಿದ ಮೇಲೆ ಹರಿವು ಅಳೆಯುವ ಫ್ಲೋ ಬೆಂಚಿನ ಮೇಲೆ ಆರೂ ಬಾಯಿಗಳನ್ನು ಸಮ ಮಾಡಲೇಬೇಕು. ಅಂಥ ಬೆಂಚು ಇರುವವರಿಗೆ, ಜರ್ಮನಿ, ಅಮೆರಿಕ, ಬ್ರಿಟನ್ನಿನ ತಜ್ಞರಿಗೆ ಅಥವಾ ಬಾಷ್‌ನ ಕ್ಲಾಸಿಕ್ ವಿಭಾಗದ ಮೂಲಕ, ಕಳಿಸುವುದೇ ಲೇಸು.

ಕಳಿಸುವಾಗ ಕಾಗದಪತ್ರ ಸರಿಯಿರಲಿ. ಬಳಸಿದ ಭಾಗವನ್ನು ಹೊರದೇಶದಿಂದ ಭಾರತಕ್ಕೆ ತರಿಸುವುದು ಹೊಸದನ್ನು ತರಿಸಿದಷ್ಟು ಸಲೀಸಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನಿನ ಆಮದಿಗೆ ನಿರ್ಬಂಧವಿದೆ. ಇಲ್ಲಿಂದ ರಿಪೇರಿಗೆ ಹೋಗಿ ವಾಪಸು ಬರುವ ವಸ್ತುವಿಗೆ ದಾರಿ ಇದೆ, ಸುಂಕ ರಿಪೇರಿ ಖರ್ಚು, ಸಾಗಣೆ, ವಿಮೆಯ ಮೇಲೆ ಬೀಳುತ್ತದೆ. ಆದರೆ ಹೋದದ್ದೇ ಬಂದಿದೆ ಎಂದು ತೋರಿಸಬೇಕು. ಕಳಿಸುವಾಗಲೇ ಶಿಪ್ಪಿಂಗ್ ಬಿಲ್ಲಿನಲ್ಲಿ 'ರಿಪೇರಿಗಾಗಿ, ಮರಳಿ ಬರಲಿದೆ' ಎಂದು ಬರೆಸಿ, ಭಾಗದ ಮೇಲೆ ಕೊರೆದ ನಂಬರನ್ನು ಅದರಲ್ಲಿ ನಮೂದಿಸಿ, ನಾಲ್ಕೂ ಕಡೆಯ ಫೋಟೊ ಇಟ್ಟುಕೊಳ್ಳಿ. ಕೊರಿಯರಿನವರು ಸುಮ್ಮನೆ 'ಗಿಫ್ಟ್' ಎಂದು ಬರೆದು ಕಳಿಸಿದರೆ ವಾಪಸು ಬರುವಾಗ ಪೂರ್ತಿ ಬೆಲೆಗೆ ಸುಂಕ ಕಟ್ಟಬೇಕಾದೀತು. ಒಬ್ಬೊಬ್ಬ ಮಾಲೀಕ ಒಂದೊಂದು ಡಬ್ಬಿ ಕಳಿಸುವ ಇಂಥ ಪ್ರಕರಣಗಳಿಗೆ ಒಂದು ಪುಟದ ಸರಳ ನಮೂನೆ ಕೊಡಬೇಕೆಂದು ಕಸ್ಟಮ್ಸ್ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಹಳೆಯದನ್ನು ಕೊಳ್ಳುವವರು ಮಾರುವವರಿಂದ ಮೂರು ಫೋಟೊ ಕೇಳಿ: ನಂಬರ್ ಕೊರೆದ ಜಾಗ, ಪೈಪ್ ಬಾಯಿಗಳು, ಅಡಿಯಿಂದ ಪ್ಲಂಜರ್. ಬಾಯಿಗಳಿಗೆ ಮುಚ್ಚಳವಿಲ್ಲದೆ ಒಣಗಿ ಬಿದ್ದಿದ್ದ ಡಿಸ್ಟ್ರಿಬ್ಯೂಟರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನಂಬರಿನ ಶುರು ಡಿಸ್ಟ್ರಿಬ್ಯೂಟರಿಗೆ 0 438 100, ಅಕ್ಯುಮುಲೇಟರಿಗೆ 0 438 170, ಕೋಲ್ಡ್ ಸ್ಟಾರ್ಟ್ ವಾಲ್ವಿಗೆ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಕೊಡುವಂಥದ್ದು) 0 280 170. ಕಾರಿನ ಹೆಸರು ಹೇಳಿ ಹುಡುಕಿದರೆ ಬೆಲೆ ಗಗನಕ್ಕೆ. ಪೂರ್ತಿ ನಂಬರ್ ಹಾಕಿ ಹುಡುಕಿದರೆ ಅದೇ ಭಾಗ ಬೇರೆ ಕಾರಿನ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುವುದುಂಟು. ನಂಬರ್ ಬದಲಾಗಿ ಹೊಸ ನಂಬರಿನಲ್ಲಿ ಬರುತ್ತಿರುವ ಭಾಗಗಳೂ ಇವೆ, ಹಳೆಯ ಕ್ಯಾಟಲಾಗ್ ನೋಡಿ 'ಸ್ಟಾಕ್ ಇಲ್ಲ' ಎಂದ ಅಂಗಡಿಯವರಿಗೆ ಅದನ್ನೂ ನೋಡಲು ಹೇಳಿ.

911 ಎಸ್‌ಸಿ ಮಾಲೀಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಅದರ ಪ್ಲಾಸ್ಟಿಕ್ ಏರ್‌ಬಾಕ್ಸ್ (ಎಂಜಿನ್ನಿಗೆ ಗಾಳಿ ಹೋಗುವ ಪೆಟ್ಟಿಗೆ) ಕೋಲ್ಡ್ ಸ್ಟಾರ್ಟ್ ಹೊತ್ತಿನ ಬ್ಯಾಕ್‌ಫೈರಿಗೆ ಒಡೆಯುತ್ತದೆ. ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗಿ ಎಂಜಿನ್ ಲೀನ್ ಆಗುತ್ತದೆ. ಯಾವ ಇಂಜೆಕ್ಷನ್ ಭಾಗ ಬದಲಾಯಿಸಿದರೂ ಅದು ಸರಿಹೋಗದು. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ: ಎಂಜಿನ್ ತಡವರಿಸಬೇಕು. ಏನೂ ಆಗದಿದ್ದರೆ ಗಾಳಿ ಬೇರೆಲ್ಲೋ ಸೋರುತ್ತಿದೆ. ಬಾಕ್ಸಿನೊಳಗೆ ಒತ್ತಡ ಏರಿದರೆ ತಾನೇ ತೆರೆದುಕೊಳ್ಳುವ ಪಾಪ್-ಆಫ್ ವಾಲ್ವ್ ಹಾಕಿಸಿದರೆ ಮುಂದಿನ ಬ್ಯಾಕ್‌ಫೈರಿಗೆ ಬಾಕ್ಸ್ ಒಡೆಯುವ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಕೋಲ್ಡ್ ಸ್ಟಾರ್ಟ್ ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಥರ್ಮೊ-ಟೈಮ್ ಸ್ವಿಚ್ ನಿರ್ಧರಿಸುತ್ತದೆ, ಉಷ್ಣಾಂಶ ಮತ್ತು ಸೆಕೆಂಡ್ ಅದರ ಮೈಮೇಲೇ ಕೊರೆದಿರುತ್ತದೆ. 35 ಡಿಗ್ರಿಯ ಸ್ವಿಚ್ಚಿರುವ ಕಾರು ಮಂಗಳೂರಿನ ಬೇಸಿಗೆಯಲ್ಲಿದ್ದರೆ ಆ ವಾಲ್ವ್ ಹೆಚ್ಚುಕಡಿಮೆ ತೆರೆಯುವುದೇ ಇಲ್ಲ. ಅಲ್ಲಿ ಅದನ್ನು ಹುಡುಕುತ್ತ ಅಲೆಯುವ ಅಗತ್ಯವಿಲ್ಲ.

ಇನ್ನು ಇ20. ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಸಾಕು. ಇ20ಕ್ಕೆ ಸುಮಾರು 13.5. ಅಂದರೆ ಹಳೆಯ ಸೆಟ್ಟಿಂಗಿನಲ್ಲಿ ಎಂಜಿನ್ ಲೀನ್ ಆಗಿ ಓಡುತ್ತದೆ. 1980ರಿಂದ ಅಮೆರಿಕಕ್ಕೆ ಹೋದ ಎಸ್‌ಸಿಗಳಲ್ಲಿ ಆಕ್ಸಿಜನ್ ಸೆನ್ಸರ್ ಇದ್ದು ಒಂದು ಮಿತಿಯವರೆಗೆ ಸರಿದೂಗಿಸುತ್ತದೆ. ಉಳಿದವಕ್ಕೆ ಎಕ್ಸಾಸ್ಟ್ ಗ್ಯಾಸ್ ಮೀಟರ್ ಇಟ್ಟು ಮಿಶ್ರಣ ಹೊಂದಿಸಬೇಕು: 3 ಮಿ.ಮೀ.ನ ಉದ್ದನೆಯ ಆಲನ್ ಕೀ, ಬಲಕ್ಕೆ ತಿರುಗಿಸಿದರೆ ರಿಚ್. ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತಲೂ ಕಡಿಮೆ. ಪ್ರತಿ ಸಲ ಕೀ ಹೊರತೆಗೆದು, ಒಮ್ಮೆ ಆಕ್ಸಿಲರೇಟರ್ ಕೊಟ್ಟು, ಮೀಟರ್ ನೋಡಿ. ಕೀ ಒಳಗಿರುವಾಗ ಆಕ್ಸಿಲರೇಟರ್ ಕೊಟ್ಟರೆ ಸನ್ನೆ ಬಾಗುತ್ತದೆ.

ಮಿಶ್ರಣಕ್ಕಿಂತ ದೊಡ್ಡ ಭಯ ರಬ್ಬರಿನದು. 911ರ ಎಂಜಿನ್ ಹಿಂದಿದೆ, ಪೆಟ್ರೋಲ್ ಹೋಸುಗಳು ಅದರ ಮೇಲೆಯೇ ಹಾದುಹೋಗುತ್ತವೆ. ನಲವತ್ತು ವರ್ಷದ ಹೋಸ್ ಎಥನಾಲಿಗೆ ಊದಿ, ಒಣಗಿ, ಬಿರಿಯುತ್ತದೆ. 5 ಬಾರ್ ಒತ್ತಡದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಚಿಮ್ಮಿದರೆ ಕಾರು ಉಳಿಯುವುದಿಲ್ಲ. ಬೇರೆ ಯಾವ ಭಾಗಕ್ಕೂ ಕೈ ಹಾಕುವ ಮೊದಲು ಇವನ್ನು ಬದಲಾಯಿಸಿ. ಕಾರ್ಬ್ಯುರೇಟರ್ ಗಾಡಿಗಳಿಗೆ ಮಾರುವ ಮಾಮೂಲು ಹೋಸ್ ಈ ಒತ್ತಡ ತಡೆಯುವುದಿಲ್ಲ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಇಂಜೆಕ್ಷನ್ ಹೋಸನ್ನೇ ಕೇಳಿ. ಒತ್ತಡದ ಪೈಪುಗಳಿಗೆ ಕ್ಲಿಪ್ ಬಿಗಿದು ಕೆಲಸ ಮುಗಿಸದೆ ಕ್ರಿಂಪ್ ಮಾಡಿದ ತುದಿಗಳನ್ನೇ ಹಾಕಿಸಿ. ಇಂಜೆಕ್ಟರ್ ಓ-ರಿಂಗ್ ವೈಟಾನ್ (ಪೆಟ್ರೋಲಿಗೆ ಕೆಡದ ರಬ್ಬರ್) ಆಗಿರಲಿ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಉಂಗುರವನ್ನಷ್ಟೇ ಒಯ್ದರೆ ಸಾಲದು, ಅದು ಊದಿರುತ್ತದೆ ಅಥವಾ ಚಪ್ಪಟೆಯಾಗಿರುತ್ತದೆ. ಅದು ಕೂರುವ ತೋಡಿನ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಬರೆದುಕೊಂಡು ಹೋಗಿ. ಕೂರಿಸುವಾಗ ಪೆಟ್ರೋಲಿನಲ್ಲಿ ಒದ್ದೆ ಮಾಡಿ. ಬಿಚ್ಚಿದ ಬ್ಯಾಂಜೊ ಬೋಲ್ಟಿಗೆ ಪ್ರತಿ ಸಲವೂ ಎರಡು ಹೊಸ ವಾಷರ್.

ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಎಸ್‌ಸಿಯ ಡಿಸ್ಟ್ರಿಬ್ಯೂಟರ್ ಎರಕದ ಕಬ್ಬಿಣದ್ದು, ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ಮಳೆಗಾಲವಿಡೀ ನಿಲ್ಲಿಸುವ ಕಾರಿನ ಟ್ಯಾಂಕ್ ತುಂಬಿಟ್ಟರೆ ಒಳಗೆ ತೇವ ಸೇರಲು ಜಾಗ ಕಡಿಮೆ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ಬಂಕ್‌ಗಳಲ್ಲಿ ಪ್ರತಿ ನಾಝಲ್ ಮೇಲೂ ಎಥನಾಲ್ ಪ್ರಮಾಣವನ್ನು ಕಾಣುವಂತೆ ಬರೆಯಬೇಕು, ಹಳೆಯ ವಾಹನಗಳಿಗಾಗಿ ಎಥನಾಲ್ ಬೆರೆಸದ ಪೆಟ್ರೋಲನ್ನು ಪ್ರತಿ ಜಿಲ್ಲೆಯಲ್ಲಿ ಒಂದು ಬಂಕಿನಲ್ಲಾದರೂ ಇಡಬೇಕು ಎಂಬುದು ತೈಲ ಕಂಪನಿಗಳಿಗೆ ನನ್ನ ಒತ್ತಾಯ.

ಇಷ್ಟರ ಮೇಲೂ ಕಾರ್ಬ್ಯುರೇಟರ್ ಹಾಕಿಸಿಯೇ ತೀರುತ್ತೇನೆ ಎನ್ನುವವರು ಬಿಚ್ಚಿದ್ದನ್ನು ಬಿಸಾಡಬೇಡಿ. ಡಿಸ್ಟ್ರಿಬ್ಯೂಟರಿನಿಂದ ಪೆಟ್ರೋಲ್ ಬಸಿದು, ಒಳಗೆ ತೆಳು ಎಣ್ಣೆ ಬಿಟ್ಟು, ಎಲ್ಲ ಬಾಯಿಗಳಿಗೂ ಮುಚ್ಚಳ ಹಾಕಿ, ಪ್ಲಂಜರ್ ಬೀಳದಂತೆ ಅಡಿಗೆ ತಡೆ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ರೆಗ್ಯುಲೇಟರ್ ಮತ್ತು ಇಂಜೆಕ್ಟರ್‌ಗಳನ್ನೂ ನಂಬರ್ ಬರೆದ ಚೀಟಿಯೊಂದಿಗೆ ಅದೇ ಡಬ್ಬಿಯಲ್ಲಿಡಿ. ರಿಪೇರಿ ಮಾಡುವವರಿಗೆ ಬೇಕಿರುವುದು ಇದೇ ಹಳೆಯ ಸಾಮಾನು.

ಇಂತಿ,
ನಿಮ್ಮ ಓದುಗ
ಜಯನಗರ, ಬೆಂಗಳೂರು